ಡಿಮೆನ್ಷಿಯಾ ಇರುವವರ ದೃಷ್ಟಿ ತೊಂದರೆ: ಯಾವ ಪರಿಹಾರ ಯಾರಿಗೆ ಹೊಂದುತ್ತದೆ

ಡಿಮೆನ್ಷಿಯಾ ಇರುವ ಹಿರಿಯರು ತಟ್ಟೆಯ ಒಂದು ಬದಿಯ ಊಟವನ್ನು ಮುಟ್ಟದೆ ಬಿಟ್ಟಾಗ, ಮೆಟ್ಟಿಲ ಬಳಿ ಬಂದು ಕಾಲೂರಲು ಹೆದರಿ ನಿಂತಾಗ, ಎದುರಿಗೆ ಬಂದ ಮಗಳನ್ನು ಗುರುತಿಸದೆ ಹೋದಾಗ ಮನೆಯವರು ಅದನ್ನೆಲ್ಲ ಮರೆವಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದೇ ಹೆಚ್ಚು. ಆದರೆ ಇವುಗಳಲ್ಲಿ ಎಷ್ಟೋ ತೊಂದರೆಗಳ ಮೂಲ ಕಣ್ಣಿನಲ್ಲಿರುತ್ತದೆ ಮತ್ತು ಅವುಗಳಲ್ಲಿ ಹಲವನ್ನು ಸರಿಪಡಿಸಲು ಸಾಧ್ಯವಿದೆ. ಇಂಗ್ಲೆಂಡಿನಲ್ಲಿ 60ರಿಂದ 89 ವರ್ಷದೊಳಗಿನ, ಡಿಮೆನ್ಷಿಯಾ ಇರುವ ಸುಮಾರು 700 ಜನರ ಕಣ್ಣು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಿಸುಮಾರು ಮೂರನೇ ಒಂದು ಭಾಗದವರ ದೃಷ್ಟಿ 6/12ಕ್ಕಿಂತ ಕಡಿಮೆ ಇತ್ತು, ಅಂದರೆ ಸಾಮಾನ್ಯ ದೃಷ್ಟಿಯವರು 12 ಮೀಟರಿನಿಂದ ಓದುವ ಅಕ್ಷರವನ್ನು ಅವರು 6 ಮೀಟರಿನಿಂದಲೂ ಓದಲಾರರು. ಅವರಲ್ಲಿ ಅರ್ಧಕ್ಕೆ ಹತ್ತಿರ ಜನರಿಗೆ ಬೇಕಾಗಿದ್ದುದು ಸರಿಯಾದ ನಂಬರಿನ ಹೊಸ ಕನ್ನಡಕ ಮಾತ್ರ. ಆರೈಕೆ ಕೇಂದ್ರಗಳಲ್ಲಿ ಇರುವವರಲ್ಲಿ ಈ ಸಮಸ್ಯೆ ಮನೆಯಲ್ಲಿ ಇರುವವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡುಬಂತು.

ಕನ್ನಡಕವೋ ಶಸ್ತ್ರಚಿಕಿತ್ಸೆಯೋ, ಹನಿ ಔಷಧವೋ ಲೇಸರೋ, ಮನೆಯ ಬೆಳಕು ಬದಲಿಸಿದರೆ ಸಾಕೋ ಎಂಬ ಪ್ರಶ್ನೆಗಳು ಬಂದಾಗ ಸಾಮಾನ್ಯ ಹಿರಿಯರಿಗೆ ಅನ್ವಯಿಸುವ ಉತ್ತರವೇ ಇವರಿಗೂ ಅನ್ವಯಿಸುತ್ತದೆ ಎನ್ನಲಾಗದು. ಈ ಬರಹದುದ್ದಕ್ಕೂ ನಾನು ಮುಖ್ಯವಾಗಿ ಒಂದೇ ಅಳತೆಗೋಲನ್ನು ಇಟ್ಟುಕೊಂಡಿದ್ದೇನೆ. ಆಯ್ಕೆ ಯಾವುದೇ ಇರಲಿ, ಅದು ಆ ವ್ಯಕ್ತಿಯಿಂದ ದಿನದಿನವೂ ಎಷ್ಟು ನೆನಪನ್ನು, ಎಷ್ಟು ಸಹಕಾರವನ್ನು ಕೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಒಂದು ಸಲ ಮಾಡಿ ಮುಗಿಸಬಹುದಾದ ಪರಿಹಾರವು ದಿನಕ್ಕೆ ಮೂರು ಸಲ ನೆನಪಿಟ್ಟು ಮಾಡಬೇಕಾದ ಪರಿಹಾರಕ್ಕಿಂತ ಬಹುತೇಕ ಸಂದರ್ಭಗಳಲ್ಲಿ ಮೇಲು. ಕಾಯಿಲೆಯ ಮೊದಲ ಹಂತದಲ್ಲಿ ಸುಲಭವಾಗಿ ಆಗುವ ಕೆಲಸ ಎರಡು ವರ್ಷ ಕಳೆದ ಮೇಲೆ ಅಸಾಧ್ಯವಾಗಬಹುದು ಎಂಬುದೂ ಈ ಲೆಕ್ಕದಲ್ಲಿ ಸೇರಬೇಕು.

ತೊಂದರೆ ಕಣ್ಣಿನಲ್ಲೋ, ಮಿದುಳಿನಲ್ಲೋ

ಕಣ್ಣು ಬಿಂಬವನ್ನು ಹಿಡಿಯುತ್ತದೆ. ಅದು ಏನು, ಎಷ್ಟು ದೂರದಲ್ಲಿದೆ, ಅಲುಗಾಡುತ್ತಿದೆಯೇ ಎಂಬುದನ್ನು ಅರ್ಥಮಾಡಿಕೊಳ್ಳುವುದು ಮಿದುಳು. ಡಿಮೆನ್ಷಿಯಾದಲ್ಲಿ ಈ ಎರಡನೆಯ ಕೆಲಸ ಕೆಡುತ್ತದೆ. ಮಸುಕು ಬಣ್ಣಗಳ ನಡುವಿನ ವ್ಯತ್ಯಾಸ ತಿಳಿಯುವುದು, ಆಳ ಮತ್ತು ದೂರದ ಅಂದಾಜು, ಚಲನೆಯನ್ನು ಗ್ರಹಿಸುವುದು, ಗಿಜಿಗುಟ್ಟುವ ಹಿನ್ನೆಲೆಯಲ್ಲಿ ಒಂದು ವಸ್ತುವನ್ನು ಬೇರ್ಪಡಿಸಿ ನೋಡುವುದು, ಇವೆಲ್ಲ ಕುಗ್ಗುತ್ತವೆ. ಇದರ ಮೇಲೆ ವಯಸ್ಸಿನ ಸಹಜ ತೊಂದರೆಗಳಾದ ಕಣ್ಣಿನ ಪೊರೆ, ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿನರ ಹಾಳಾಗುವ ಕಾಯಿಲೆ), ಅಕ್ಷಿಪಟಲದ (ಕಣ್ಣಿನ ಹಿಂಬದಿಯಲ್ಲಿ ಬಿಂಬ ಮೂಡುವ ಪದರ, ರೆಟಿನಾ) ನಡುಭಾಗದ ಸವೆತ, ಸಕ್ಕರೆ ಕಾಯಿಲೆಯಿಂದ ಬರುವ ಅಕ್ಷಿಪಟಲದ ಹಾನಿ ಸೇರಿಕೊಳ್ಳುತ್ತವೆ. ಹೆಚ್ಚಿನವರಲ್ಲಿ ಎರಡೂ ಇರುತ್ತವೆ. ಹಾಗಾಗಿ ಇದು ಕಣ್ಣಿನದೋ ಮಿದುಳಿನದೋ ಎಂದು ಕೇಳುವಾಗ ಯಾವುದರ ಪಾಲು ಎಷ್ಟು ಎಂಬುದನ್ನು ತಿಳಿಯುವುದೇ ಉದ್ದೇಶವಾಗಿರಬೇಕು.

ಮನೆಯವರ ಗಮನಕ್ಕೆ ಬರುವ ಕೆಲವು ಸುಳಿವುಗಳು ವೈದ್ಯರಿಗೆ ಬಹಳ ಉಪಯುಕ್ತ. ಬೆಳಕು ಹೆಚ್ಚಿಸಿದರೆ, ವಸ್ತುವನ್ನು ಹತ್ತಿರ ತಂದರೆ ಅಥವಾ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ ಎನ್ನುವುದಾದರೆ ಕಣ್ಣಿನ ಪಾಲು ದೊಡ್ಡದಿರಬಹುದು. ನೆಲದ ಮೇಲೆ ಬಿದ್ದ ಅಂಗಿಯ ಸಣ್ಣ ಗುಂಡಿಯನ್ನು ಕಂಡುಹಿಡಿದು ಹೇಳುವವರು ಎದುರಿಗಿರುವ ಲೋಟವನ್ನು ಹಿಡಿಯಲು ಹೋಗಿ ಪಕ್ಕದ ಗಾಳಿಗೆ ಕೈಹಾಕಿದರೆ, ಮೇಜುಬಟ್ಟೆಯ ಮೇಲೆ ಮುದ್ರಿಸಿದ ಹೂವನ್ನು ಕೀಳಲು ಪ್ರಯತ್ನಿಸಿದರೆ, ಬಿಡಿ ಅಕ್ಷರಗಳನ್ನು ಓದಿದರೂ ಸಾಲು ಹಿಡಿದು ಓದಲಾಗದಿದ್ದರೆ ಮಿದುಳಿನ ಕಡೆಗೆ ಗಮನ ಹರಿಸಬೇಕು.

ಈ ಎರಡನೆಯ ಬಗೆಯ ತೊಂದರೆ ಮರೆವಿಗಿಂತ ಮೊದಲೇ ಕಾಣಿಸಿಕೊಳ್ಳುವ ಒಂದು ಸ್ಥಿತಿಯೂ ಇದೆ. ಮಿದುಳಿನ ಹಿಂಭಾಗ ಕುಗ್ಗುತ್ತಾ ಹೋಗುವ ಇದನ್ನು 1988ರಲ್ಲಿ ಫ್ರಾಂಕ್ ಬೆನ್ಸನ್ ಮತ್ತು ಅವರ ಸಹೋದ್ಯೋಗಿಗಳು ವಿವರಿಸಿದರು. ವೈದ್ಯರು ಇದನ್ನು ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ ಎನ್ನುತ್ತಾರೆ. ಸಾಮಾನ್ಯವಾಗಿ 50ರಿಂದ 65 ವರ್ಷದ ನಡುವೆ ಶುರುವಾಗುವ ಇದರಲ್ಲಿ ನೆನಪು ಸಾಕಷ್ಟು ಚೆನ್ನಾಗಿಯೇ ಇರುತ್ತದೆ. ಕಣ್ಣಿನ ಪರೀಕ್ಷೆಯಲ್ಲೂ ದೋಷ ಸಿಗುವುದಿಲ್ಲ. ಹೀಗಾಗಿ ಇಂಥವರು ಒಂದರ ಮೇಲೊಂದು ಕನ್ನಡಕ ಬದಲಿಸುತ್ತಾ ಕಾಲ ಕಳೆಯುತ್ತಾರೆ. ಕಣ್ಣು ಸರಿಯಿದೆ ಎಂದು ನೇತ್ರತಜ್ಞರು ಹೇಳಿದ ಮೇಲೂ ಕಾಣುವುದಿಲ್ಲ ಎಂಬ ದೂರು ಮುಂದುವರಿದರೆ ಇನ್ನೊಂದು ಕನ್ನಡಕ ಮಾಡಿಸುವ ಬದಲು ನರರೋಗ ತಜ್ಞರನ್ನು ಕಾಣುವುದೇ ಸರಿಯಾದ ಆಯ್ಕೆ.

ಪರೀಕ್ಷೆ ಎಲ್ಲಿ, ಹೇಗೆ

"ಅವರಿಗೆ ಅಕ್ಷರ ಹೇಳಲು ಬರುವುದಿಲ್ಲ, ಪರೀಕ್ಷೆ ಹೇಗೆ ಮಾಡುತ್ತಾರೆ" ಎಂದು ಕುಟುಂಬದವರು ಕಣ್ಣಿನ ವೈದ್ಯರ ಬಳಿಗೆ ಹೋಗುವುದನ್ನೇ ಕೈಬಿಡುತ್ತಾರೆ. ಈ ಅಂಜಿಕೆಗೆ ಕಾರಣವಿಲ್ಲ. ರೆಟಿನೋಸ್ಕೋಪ್ ಎಂಬ ಸಣ್ಣ ಉಪಕರಣದಿಂದ ಕಣ್ಣೊಳಗೆ ಬೆಳಕು ಹಾಯಿಸಿ, ಅದು ಪ್ರತಿಫಲಿಸುವ ರೀತಿಯನ್ನು ನೋಡಿಯೇ ಪರೀಕ್ಷಕರು ಕನ್ನಡಕದ ನಂಬರನ್ನು ಸಾಕಷ್ಟು ನಿಖರವಾಗಿ ಕಂಡುಕೊಳ್ಳಬಲ್ಲರು. ರೋಗಿ ಒಂದು ಮಾತೂ ಆಡಬೇಕಾಗಿಲ್ಲ. ಅಕ್ಷರದ ಬದಲು ಚಿತ್ರಗಳಿರುವ ಪಟ್ಟಿ, ಕೈಯಲ್ಲಿರುವ ಕಾರ್ಡಿಗೆ ಹೊಂದುವ ಚಿತ್ರವನ್ನು ತೋರಿಸುವ ವಿಧಾನ, ಮಾತೇ ಬಾರದವರಿಗೆ ಅವರ ನೋಟ ಎತ್ತ ತಿರುಗುತ್ತದೆ ಎಂಬುದನ್ನು ಗಮನಿಸುವ ಕಾರ್ಡುಗಳು, ಇವೆಲ್ಲ ಬಳಕೆಯಲ್ಲಿವೆ. ಚಿಕ್ಕ ಮಕ್ಕಳ ಕಣ್ಣು ನೋಡಿ ಅಭ್ಯಾಸವಿರುವ ಪರೀಕ್ಷಕರು ಈ ಕೆಲಸದಲ್ಲಿ ಸಾಮಾನ್ಯವಾಗಿ ನುರಿತಿರುತ್ತಾರೆ.

ಆಸ್ಪತ್ರೆಯೋ ಮನೆಯೋ ಎಂಬ ಆಯ್ಕೆಯಲ್ಲಿ ಹಂತವನ್ನು ನೋಡಿ ನಿರ್ಧರಿಸಬೇಕು. ಆಸ್ಪತ್ರೆಯಲ್ಲಿ ಅಕ್ಷಿಪಟಲದ ಸ್ಕ್ಯಾನ್, ಕಣ್ಣಿನ ಒತ್ತಡದ ಅಳತೆ, ಪೊರೆಯ ವಿವರವಾದ ತಪಾಸಣೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಹೊಸ ಜಾಗದಲ್ಲಿ ಒಂದೆರಡು ಗಂಟೆ ಕುಳಿತುಕೊಳ್ಳಬಲ್ಲವರಿಗೆ ಇದೇ ಉತ್ತಮ. ಮನೆ ಬಿಟ್ಟರೆ ಕಂಗಾಲಾಗುವವರಿಗೆ, ಹಾಸಿಗೆ ಹಿಡಿದವರಿಗೆ ಮನೆಗೆ ಬಂದು ನೋಡುವ ಪರೀಕ್ಷಕರ ಸೇವೆ ಇದ್ದರೆ ಅದನ್ನು ಆರಿಸಿಕೊಳ್ಳಬೇಕು. ಕೈಯಲ್ಲಿ ಹಿಡಿಯುವ ಉಪಕರಣಗಳಿಂದ ಮುಖ್ಯವಾದದ್ದನ್ನೆಲ್ಲ ನೋಡಬಹುದು. ಮನೆಯಲ್ಲಿ ನೋಡುವುದರಿಂದ ಇನ್ನೊಂದು ಲಾಭವೂ ಇದೆ: ಆ ವ್ಯಕ್ತಿ ದಿನವಿಡೀ ಕೂರುವ ಕುರ್ಚಿಗೆ ಬೆಳಕು ಎಲ್ಲಿಂದ ಬೀಳುತ್ತದೆ ಎಂಬುದು ಪರೀಕ್ಷಕರ ಕಣ್ಣಿಗೇ ಬೀಳುತ್ತದೆ. ಎಲ್ಲಿಯೇ ಆಗಲಿ, ದಿನದಲ್ಲಿ ಅವರು ಹೆಚ್ಚು ಶಾಂತವಾಗಿರುವ ಹೊತ್ತನ್ನು ಕೇಳಿ ಪಡೆದುಕೊಳ್ಳಬೇಕು ಮತ್ತು ಡಿಮೆನ್ಷಿಯಾ ಇದೆ ಎಂಬುದನ್ನು ಸಮಯ ಗೊತ್ತುಮಾಡುವಾಗಲೇ ತಿಳಿಸಬೇಕು. ಹಳೆಯ ಕನ್ನಡಕಗಳನ್ನೆಲ್ಲ, ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿಯನ್ನು ಜೊತೆಗೆ ಒಯ್ಯಬೇಕು. ಪಾಪೆ ಹಿಗ್ಗಿಸುವ ಹನಿಗಳಲ್ಲಿ ಕೆಲವು, ಮುಖ್ಯವಾಗಿ ಅಟ್ರೋಪಿನ್ ಮತ್ತು ಸೈಕ್ಲೋಪೆಂಟೊಲೇಟ್, ಹಿರಿಯರಲ್ಲಿ ಗೊಂದಲ ಹೆಚ್ಚಿಸಬಲ್ಲವು; ಬೇಗ ಇಳಿಯುವ ಟ್ರೋಪಿಕಮೈಡ್ ಸಾಕಾಗುವುದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕನ್ನಡಕ: ಎರಡು ನೋಟದ್ದೋ, ಒಂದು ನೋಟದ್ದೋ

ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ ಎಂಬ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕದಲ್ಲಿ ಮರೆತುಹೋಗುವ ಭಯ ಕಡಿಮೆ, ಯಾಕೆಂದರೆ ಬದಲಿಸಬೇಕಾದದ್ದೇ ಇಲ್ಲ. ಆದರೆ ಅದರ ಕೆಳಭಾಗ ಓದುವುದಕ್ಕೆಂದು ಮಾಡಿದ್ದು. ನಡೆಯುವಾಗ ಕೆಳಗೆ ನೋಡಿದರೆ ಕಾಲಿನ ಮುಂದಿನ ನೆಲ ಮಸುಕಾಗಿ, ಮೆಟ್ಟಿಲಿನ ಅಂಚು ಇರುವಲ್ಲಿ ಕಾಣದೆ ಹೋಗುತ್ತದೆ. ಆರೋಗ್ಯವಂತ ಹಿರಿಯರು ತಲೆ ಬಗ್ಗಿಸಿ ಮೇಲ್ಭಾಗದಿಂದ ನೋಡುವುದನ್ನು ರೂಢಿಸಿಕೊಳ್ಳುತ್ತಾರೆ. ಡಿಮೆನ್ಷಿಯಾ ಇರುವವರಿಗೆ ಹೊಸದಾಗಿ ಇದನ್ನು ಕಲಿಯುವುದು ಬಹಳ ಕಷ್ಟ.

ಆಸ್ಟ್ರೇಲಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಬಳಸುತ್ತಿದ್ದ ಹಿರಿಯರಿಗೆ ಹೊರಗೆ ಓಡಾಡಲು ದೂರದ ನೋಟದ ಪ್ರತ್ಯೇಕ ಕನ್ನಡಕ ಕೊಟ್ಟು ನೋಡಿದರು. ಹೊರಗೆ ಹೆಚ್ಚು ಓಡಾಡುವವರಲ್ಲಿ ಬೀಳುವುದು ಗಣನೀಯವಾಗಿ ಇಳಿಯಿತು. ಆದರೆ ಹೊರಗೆ ಹೋಗುವುದೇ ಅಪರೂಪವಾಗಿದ್ದವರಲ್ಲಿ ಹೊರಗಡೆ ಬೀಳುವುದು ಹೆಚ್ಚಾಯಿತು. ಅದಕ್ಕೂ ಮೊದಲು, 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ದುರ್ಬಲರಾದ ಹಿರಿಯರಿಗೆ ಕಣ್ಣು ಪರೀಕ್ಷಿಸಿ ಹೊಸ ಕನ್ನಡಕ ಕೊಟ್ಟಾಗ ಬೀಳುವವರ ಸಂಖ್ಯೆ ಕಡಿಮೆಯಾಗುವ ಬದಲು ಏರಿತು. ನಂಬರಿನಲ್ಲಿ ಒಮ್ಮೆಲೇ ಆದ ದೊಡ್ಡ ಬದಲಾವಣೆ ಅದಕ್ಕೆ ಒಂದು ಕಾರಣವಿರಬಹುದು ಎಂದು ಸಂಶೋಧಕರು ಭಾವಿಸಿದರು.

ಇವು ಡಿಮೆನ್ಷಿಯಾ ಇರುವವರಿಗೆಂದೇ ನಡೆದ ಅಧ್ಯಯನಗಳಾಗಿರಲಿಲ್ಲ. ಆದರೂ ಇವುಗಳಿಂದ ನಾನು ತೆಗೆದುಕೊಳ್ಳುವ ತೀರ್ಮಾನ ಹೀಗಿದೆ. ವರ್ಷಗಳಿಂದ ಬೈಫೋಕಲ್ ಹಾಕಿ ರೂಢಿಯಾದವರು ಈಗಲೂ ಸರಾಗವಾಗಿ ನಡೆಯುತ್ತಿದ್ದರೆ ಅದೇ ಬಗೆಯನ್ನು ಮುಂದುವರಿಸಿ, ನಂಬರನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಸರಿಪಡಿಸುವುದು ಒಳ್ಳೆಯದು. ಎಂದೂ ಬೈಫೋಕಲ್ ಬಳಸದವರಿಗೆ ಡಿಮೆನ್ಷಿಯಾ ಬಂದ ಮೇಲೆ ಅದನ್ನು ಮೊದಲ ಬಾರಿಗೆ ಕೊಡುವುದು ಬೇಡ. ಈಗಾಗಲೇ ಬಿದ್ದವರಿಗೆ, ಮೆಟ್ಟಿಲಿನಲ್ಲಿ ತಡವರಿಸುವವರಿಗೆ ನಡೆಯಲು ದೂರದ ನೋಟದ ಕನ್ನಡಕ ಮತ್ತು ಕುಳಿತು ಊಟ, ಓದು, ಕೈಕೆಲಸ ಮಾಡಲು ಹತ್ತಿರದ ನೋಟದ ಕನ್ನಡಕ ಎಂದು ಎರಡು ಬೇರೆ ಮಾಡಿಸಬಹುದು. ಆದರೆ ಅವುಗಳನ್ನು ಬದಲಿಸುವ ಹೊಣೆಯನ್ನು ಜೊತೆಗಿರುವವರು ಹೊರಬೇಕು. ಹಾಗೆ ಹೊರುವವರು ಇಲ್ಲದ ಮನೆಯಲ್ಲಿ ಎರಡು ಕನ್ನಡಕ ಎಂದರೆ ಓದುವ ಕನ್ನಡಕ ಹಾಕಿಕೊಂಡು ಮೆಟ್ಟಿಲಿಳಿಯುವ ಅಪಾಯವೇ ಸರಿ.

ಎರಡು ಬೇರೆ ಕನ್ನಡಕ ಮಾಡಿಸಿದರೆ ಫ್ರೇಮಿನ ಬಣ್ಣವೂ ಬೇರೆಯಿರಲಿ, ಕಡ್ಡಿಯ ಒಳಬದಿಯಲ್ಲಿ ಹೆಸರು ಮತ್ತು "ನಡೆಯಲು", "ಓದಲು" ಎಂದು ಕೆತ್ತಿಸಿರಲಿ. ಆರೈಕೆ ಕೇಂದ್ರಗಳಲ್ಲಿ ಒಬ್ಬರ ಕನ್ನಡಕ ಇನ್ನೊಬ್ಬರ ಮುಖಕ್ಕೆ ಹೋಗಿಬಿಡುವುದು ಅಪರೂಪವಲ್ಲ. ಫ್ರೇಮ್ ಹೊಸದಾದರೆ ಕನ್ನಡಿಯಲ್ಲಿ ಕಂಡ ತಮ್ಮ ಮುಖವೇ ಅಪರಿಚಿತವೆನಿಸಿ ಕಿತ್ತೆಸೆಯುವವರಿದ್ದಾರೆ. ಹಳೆಯ ಫ್ರೇಮಿಗೇ ಹೊಸ ಗಾಜು ಹಾಕಿಸಿದರೆ ಈ ತಂಟೆ ಇರುವುದಿಲ್ಲ. ಕನ್ನಡಕ ಪದೇಪದೇ ತೆಗೆದುಹಾಕಿದಾಗ ಹಠವೆಂದು ತಿಳಿಯುವ ಮೊದಲು ಮೂಗಿನ ಮೇಲೆ, ಕಿವಿಯ ಹಿಂದೆ ಒತ್ತಿ ನೋವಾಗುತ್ತಿದೆಯೇ, ಗಾಜು ಕೊಳೆಯಾಗಿದೆಯೇ ಎಂದು ನೋಡಬೇಕು.

ಕಣ್ಣಿನ ಪೊರೆ: ತೆಗೆಸುವುದೋ, ಕಾಯುವುದೋ

ಈ ಪ್ರಶ್ನೆಯ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಯಾಕೆಂದರೆ ಇಲ್ಲಿ ತಪ್ಪು ನಿರ್ಧಾರಗಳು ಹೆಚ್ಚು. "ಈ ವಯಸ್ಸಿನಲ್ಲಿ, ಈ ಸ್ಥಿತಿಯಲ್ಲಿ ಆಪರೇಷನ್ ಯಾಕೆ" ಎಂಬ ಮಾತು ಕರುಣೆಯಿಂದ ಬಂದದ್ದೇ ಆದರೂ ಅದರ ಫಲವಾಗಿ ಆ ವ್ಯಕ್ತಿ ಬದುಕಿನ ಉಳಿದ ವರ್ಷಗಳನ್ನು ಮಂಜಿನಲ್ಲಿ ಕಳೆಯುತ್ತಾರೆ. ನೆನಪಿನ ಆಸರೆ ಕುಸಿಯುತ್ತಿರುವವರಿಗೆ ಕಣ್ಣೆದುರಿನ ಜಗತ್ತೇ ಉಳಿದಿರುವ ದೊಡ್ಡ ಆಸರೆ. ಮುಖ, ಬಾಗಿಲು, ಗಡಿಯಾರ, ಬಚ್ಚಲು ಎಲ್ಲಿದೆ ಎಂಬುದನ್ನು ಅವರು ನೆನಪಿನಿಂದಲ್ಲ, ನೋಡಿಯೇ ತಿಳಿಯಬೇಕು.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯು ನೇಮಿಸಿದ ತಜ್ಞರ ಆಯೋಗವು 2024ರ ತನ್ನ ವರದಿಯಲ್ಲಿ ಡಿಮೆನ್ಷಿಯಾಗೆ ಕಾರಣವಾಗಬಲ್ಲ, ಆದರೆ ತಡೆಯಬಹುದಾದ 14 ಅಂಶಗಳ ಪಟ್ಟಿಗೆ ಚಿಕಿತ್ಸೆಯಾಗದ ದೃಷ್ಟಿಹಾನಿಯನ್ನು ಹೊಸದಾಗಿ ಸೇರಿಸಿತು. ಅದಕ್ಕೆ ಮೊದಲು ಅಮೆರಿಕದ ಸಿಯಾಟಲ್‌ನಲ್ಲಿ ಪೊರೆ ಅಥವಾ ಗ್ಲಾಕೋಮಾ ಇದ್ದ ಮೂರು ಸಾವಿರಕ್ಕೂ ಹೆಚ್ಚು ಹಿರಿಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವು, ಪೊರೆ ತೆಗೆಸಿಕೊಂಡವರಲ್ಲಿ ಡಿಮೆನ್ಷಿಯಾ ಬರುವ ಸಾಧ್ಯತೆ ಸುಮಾರು 30% ಕಡಿಮೆ ಇತ್ತು ಎಂದು ವರದಿ ಮಾಡಿತು. ಗ್ಲಾಕೋಮಾ ಶಸ್ತ್ರಚಿಕಿತ್ಸೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದು ಗಮನಿಸಿ ದಾಖಲಿಸಿದ ಅಧ್ಯಯನವಾದ್ದರಿಂದ ಕಾರಣ ಇದೇ ಎಂದು ಸಾಧಿಸುವುದಿಲ್ಲ. ಈಗಾಗಲೇ ಡಿಮೆನ್ಷಿಯಾ ಇರುವವರ ನೆನಪು ಪೊರೆ ತೆಗೆದರೆ ಮರಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶಸ್ತ್ರಚಿಕಿತ್ಸೆಯ ಪ್ರಯೋಜನ ಬೇರೆ ರೀತಿಯದು: ಬೀಳುವುದು ಕಡಿಮೆಯಾಗುತ್ತದೆ, ತಾವಾಗಿ ಊಟ ಮಾಡಲು, ಬಟ್ಟೆ ತೊಡಲು ಅನುಕೂಲವಾಗುತ್ತದೆ, ಹೆದರಿಕೆ ತಗ್ಗುತ್ತದೆ. 70 ವರ್ಷ ದಾಟಿದ ಮಹಿಳೆಯರಲ್ಲಿ ನಡೆದು 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಮೊದಲ ಕಣ್ಣಿನ ಪೊರೆಯನ್ನು ಬೇಗ ತೆಗೆಸಿದವರಲ್ಲಿ ಬೀಳುವ ಪ್ರಮಾಣ 34% ಇಳಿದಿತ್ತು.

ಕಾಯುವುದರ ಪರವಾಗಿಯೂ ಕೆಲವು ಸಂದರ್ಭಗಳಿವೆ. ಪೊರೆ ಇನ್ನೂ ತೆಳುವಾಗಿದ್ದು ದಿನದ ಕೆಲಸಕ್ಕೆ ಅಡ್ಡಿಯಿಲ್ಲದಿದ್ದರೆ, ಅಕ್ಷಿಪಟಲ ಮೊದಲೇ ಪೂರ್ತಿ ಹಾಳಾಗಿದ್ದರೆ, ಕಾಯಿಲೆ ಕೊನೆಯ ಹಂತದಲ್ಲಿದ್ದು ವ್ಯಕ್ತಿ ಕಣ್ತೆರೆದು ಏನನ್ನೂ ಗಮನಿಸದ ಸ್ಥಿತಿಯಲ್ಲಿದ್ದರೆ ಶಸ್ತ್ರಚಿಕಿತ್ಸೆಯ ತೊಂದರೆಯೇ ಲಾಭಕ್ಕಿಂತ ಹೆಚ್ಚು. ಆದರೆ ಪೊರೆ ಬಲಿಯಲಿ ಎಂದು ಕಾಯುವುದು ಹಳೆಯ ಕಾಲದ ಮಾತು. ಬಲಿತ ಪೊರೆಯ ಶಸ್ತ್ರಚಿಕಿತ್ಸೆ ಹೆಚ್ಚು ಹೊತ್ತು ಹಿಡಿಯುತ್ತದೆ, ತೊಡಕೂ ಹೆಚ್ಚು. ಅಷ್ಟರಲ್ಲಿ ಡಿಮೆನ್ಷಿಯಾವೂ ಮುಂದುವರಿದು ಅಲುಗಾಡದೆ ಮಲಗುವ ಸಾಮರ್ಥ್ಯ ಕುಗ್ಗಿರುತ್ತದೆ. ವ್ಯಕ್ತಿ ತನ್ನ ಒಪ್ಪಿಗೆಯನ್ನು ತಾನೇ ಹೇಳಬಲ್ಲ ಹಂತದಲ್ಲಿಯೇ ಈ ನಿರ್ಧಾರವಾದರೆ ಅದು ಅವರಿಗೆ ತೋರುವ ಗೌರವವೂ ಹೌದು.

ಅರಿವಳಿಕೆಯಲ್ಲಿ ಮೂರು ದಾರಿಗಳಿವೆ. ಕಣ್ಣಿಗೆ ಹನಿ ಹಾಕಿ ಮಾತ್ರ ಮರಗಟ್ಟಿಸುವುದು ಶರೀರಕ್ಕೆ ಅತ್ಯಂತ ಹಗುರ; ಆದರೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅಲುಗಾಡದೆ, ಹೇಳಿದ ಕಡೆ ನೋಡುತ್ತಾ ಮಲಗಿರಬೇಕು. ಸಾಮಾನ್ಯವಾಗಿ ಇದು 15ರಿಂದ 30 ನಿಮಿಷದ ಕೆಲಸ. ಕಣ್ಣಿನ ಸುತ್ತ ಚುಚ್ಚುಮದ್ದು ಕೊಟ್ಟರೆ ಕಣ್ಣಿನ ಚಲನೆಯೂ ನಿಲ್ಲುವುದರಿಂದ ಸೂಚನೆ ಪಾಲಿಸಲಾಗದ, ಆದರೆ ಶಾಂತವಾಗಿ ಮಲಗಬಲ್ಲವರಿಗೆ ಅದು ಹೊಂದುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಎಚ್ಚರಾದ ಮೇಲೆ ಕೆಲವು ದಿನ ಗೊಂದಲ ಹೆಚ್ಚುವ ಅಪಾಯವಿದೆ; ಮುಖ ಮುಚ್ಚುವ ಹೊದಿಕೆಯನ್ನೇ ಸಹಿಸದವರಿಗೆ, ಕೈ ಎತ್ತಿ ಕಣ್ಣಿಗೆ ತರುವವರಿಗೆ ಅದೇ ಸುರಕ್ಷಿತವಾಗಬಹುದು. ನಿರ್ಧರಿಸಲು ಒಂದು ಸರಳ ವಿಧಾನವಿದೆ. ಮನೆಯಲ್ಲಿ ಅವರನ್ನು ಅಂಗಾತ ಮಲಗಿಸಿ, ಮುಖದ ಮೇಲೆ ತೆಳುವಾದ ಬಟ್ಟೆಯನ್ನು ಮೂಗು, ಬಾಯಿ ಬಿಟ್ಟು ಹೊದಿಸಿ, ಕೈ ಹಿಡಿದುಕೊಂಡು ಇಪ್ಪತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡುವುದು. ಅವರು ಎಷ್ಟು ಹೊತ್ತು ತಾಳಿದರು, ಕೈ ಹಿಡಿದಿದ್ದರೆ ಸಮಾಧಾನವಿತ್ತೇ ಎಂಬುದನ್ನು ವೈದ್ಯರಿಗೆ ತಿಳಿಸಿದರೆ ಅದಕ್ಕೆ ತಕ್ಕ ಯೋಜನೆ ಮಾಡಬಹುದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮನೆಯವರೊಬ್ಬರು ಕೈ ಹಿಡಿದು ಕೂರಲು ಅವಕಾಶವಿದೆಯೇ ಎಂದು ಮುಂಚಿತವಾಗಿ ವಿಚಾರಿಸಬೇಕು.

ಎರಡೂ ಕಣ್ಣಿಗೆ ಪೊರೆ ಇದ್ದಾಗ ಒಂದೊಂದಾಗಿ ತೆಗೆಸುವುದು ರೂಢಿ. ಸೋಂಕೇನಾದರೂ ಆದರೆ ಒಂದೇ ಕಣ್ಣಿಗೆ ಸೀಮಿತವಾಗಿರಲಿ ಎಂಬುದು ಅದರ ಹಿಂದಿನ ಎಚ್ಚರಿಕೆ. ಪೂರ್ಣ ಅರಿವಳಿಕೆಯೇ ಬೇಕಾದವರಿಗೆ ಮಾತ್ರ ಒಂದೇ ದಿನ ಎರಡನ್ನೂ, ಪ್ರತಿ ಕಣ್ಣಿಗೂ ಬೇರೆ ಉಪಕರಣಗಳನ್ನು ಬಳಸಿ, ಮುಗಿಸುವ ಬಗ್ಗೆ ವೈದ್ಯರ ಜೊತೆ ಚರ್ಚಿಸಬೇಕು. ಒಂದೇ ಕಣ್ಣಿಗೆ ಮಾಡಿಸಿ ಇನ್ನೊಂದನ್ನು ಬಿಟ್ಟರೆ ಎರಡು ಕಣ್ಣಿನ ನೋಟ ಹೊಂದದೆ ಆಳದ ಅಂದಾಜು ಇನ್ನಷ್ಟು ಕೆಡಬಹುದು ಎಂಬುದನ್ನೂ ಮರೆಯಬಾರದು.

ಕಣ್ಣೊಳಗೆ ಕೂರಿಸುವ ಮಸೂರದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಒಂದೇ ನೋಟದ ಮಸೂರ ಸಾಕು. ಹಲವು ದೂರಗಳಿಗೆ ಹೊಂದುವ ಮಸೂರಗಳು ಬೆಳಕನ್ನು ಹಂಚುವುದರಿಂದ ಮಸುಕು ಬಣ್ಣಗಳ ವ್ಯತ್ಯಾಸ ಕಾಣುವುದು ಕಡಿಮೆಯಾಗುತ್ತದೆ, ದೀಪಗಳ ಸುತ್ತ ವಲಯಗಳು ಕಾಣಬಹುದು. ಈಗಾಗಲೇ ಆ ಸಾಮರ್ಥ್ಯ ಕುಗ್ಗಿರುವವರಿಗೆ ಇದು ದುಬಾರಿಯಾದ ಹಿನ್ನಡೆ. ಆದರೆ ಆ ಒಂದು ನೋಟ ದೂರದ್ದೋ ಹತ್ತಿರದ್ದೋ ಎಂಬುದನ್ನು ಯೋಚಿಸಿ ಹೇಳಬೇಕು. ಬಾಲ್ಯದಿಂದ ಸಮೀಪದೃಷ್ಟಿ ಇದ್ದು, ಕನ್ನಡಕ ತೆಗೆದು ಹತ್ತಿರದ್ದನ್ನು ನೋಡುವುದೇ ಜೀವನದ ರೂಢಿಯಾಗಿರುವವರಿಗೆ ದೂರದ ನೋಟದ ಮಸೂರ ಹಾಕಿದರೆ, ಅವರಿಗೆ ಗೊತ್ತಿಲ್ಲದ ಓದುವ ಕನ್ನಡಕವೊಂದು ಹೊಸದಾಗಿ ಬೇಕಾಗುತ್ತದೆ. ದಿನವೆಲ್ಲ ಕುರ್ಚಿಯಲ್ಲಿ ಕುಳಿತು ತಟ್ಟೆ, ಫೋಟೋ, ಎದುರಿನವರ ಮುಖ ನೋಡುವವರಿಗೆ ಹತ್ತಿರದ ನೋಟವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಶಸ್ತ್ರಚಿಕಿತ್ಸೆಯ ನಂತರದ ಕೆಲವು ವಾರಗಳ ಹನಿ ಔಷಧವನ್ನು ಯಾರು ಹಾಕುತ್ತಾರೆ, ರಾತ್ರಿ ಕಣ್ಣುಜ್ಜದಂತೆ ಯಾರು ನೋಡಿಕೊಳ್ಳುತ್ತಾರೆ ಎಂಬುದು ದಿನಾಂಕ ಗೊತ್ತಾಗುವ ಮೊದಲೇ ತೀರ್ಮಾನವಾಗಿರಬೇಕು. ಹನಿಗಳ ಸಂಖ್ಯೆ ಕಡಿಮೆ ಮಾಡಲು ಶಸ್ತ್ರಚಿಕಿತ್ಸೆಯ ಕೊನೆಯಲ್ಲಿಯೇ ಔಷಧವನ್ನು ಕಣ್ಣೊಳಗೆ ಕೊಡುವ ವಿಧಾನಗಳೂ ಇವೆ, ಕೇಳಿ ನೋಡಬಹುದು.

ಗ್ಲಾಕೋಮಾ ಮತ್ತು ಅಕ್ಷಿಪಟಲದ ಸವೆತ

ಗ್ಲಾಕೋಮಾದಲ್ಲಿ ಮೇಲೆ ಹೇಳಿದ ಅಳತೆಗೋಲು ಅತ್ಯಂತ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹನಿ ಔಷಧ ಪರಿಣಾಮಕಾರಿಯೇ ಆದರೂ ಅದು ಜೀವನಪೂರ್ತಿ, ದಿನವೂ, ಹೊತ್ತಿಗೆ ಸರಿಯಾಗಿ ಬೀಳಬೇಕು. ಹಾಕುವವರು ಒಬ್ಬರಿದ್ದು ವ್ಯಕ್ತಿಯೂ ಒಪ್ಪಿದರೆ ಅಡ್ಡಿಯಿಲ್ಲ. ದಿನಕ್ಕೊಂದು ಸಲ ಹಾಕುವ ಔಷಧವನ್ನೇ ಕೇಳಬೇಕು. ಹನಿ ಕಂಡರೆ ಮುಖ ತಿರುಗಿಸುವವರಿಗೆ, ಒಂಟಿಯಾಗಿರುವವರಿಗೆ ಕಣ್ಣಿನ ಒತ್ತಡ ಇಳಿಸುವ ಎಸ್‌ಎಲ್‌ಟಿ ಎಂಬ ಲೇಸರ್ ಚಿಕಿತ್ಸೆ ಉತ್ತಮ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಮೊದಲೇ ಈ ಲೇಸರ್ ಪಡೆದವರಲ್ಲಿ 74% ಜನರಿಗೆ ಮೂರು ವರ್ಷದ ನಂತರವೂ ಹನಿ ಬೇಕಾಗಿರಲಿಲ್ಲ. ಉಪಕರಣದ ಮೇಲೆ ಗಲ್ಲವಿಟ್ಟು ಕೆಲವು ನಿಮಿಷ ಕೂರಬೇಕಾದ್ದರಿಂದ ಇದನ್ನೂ ಕಾಯಿಲೆಯ ಮೊದಲ ಹಂತದಲ್ಲಿ ಮಾಡಿಸಿಕೊಳ್ಳುವುದು ಜಾಣತನ.

ಹನಿಯಲ್ಲೂ ಎಲ್ಲವೂ ಒಂದೇ ಅಲ್ಲ. ಟಿಮೊಲಾಲ್ ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ಡಿಮೆನ್ಷಿಯಾಗೆ ಕೊಡುವ ಡೊನೆಪೆಜಿಲ್ ಕೂಡ ಅದನ್ನೇ ಮಾಡಬಲ್ಲದು. ಎರಡೂ ಸೇರಿ ತಲೆಸುತ್ತು ಬಂದು ಬೀಳಬಹುದು. ಬ್ರಿಮೊನಿಡಿನ್ ಹಿರಿಯರಲ್ಲಿ ತೂಕಡಿಕೆ, ಗೊಂದಲ ತರಬಹುದು. ಅಸೆಟಜೋಲಮೈಡ್ ಮಾತ್ರೆಯೂ ಹಾಗೆಯೇ. ಕಣ್ಣಿನ ವೈದ್ಯರಿಗೂ ನರರೋಗ ತಜ್ಞರಿಗೂ ಒಂದೇ ಔಷಧ ಪಟ್ಟಿಯನ್ನು ತೋರಿಸುವುದರಿಂದ ಇವುಗಳಲ್ಲಿ ಬಹುಪಾಲನ್ನು ತಪ್ಪಿಸಬಹುದು.

ಅಕ್ಷಿಪಟಲದ ಸವೆತದಲ್ಲಿ ರಕ್ತ ಅಥವಾ ದ್ರವ ಸೋರುವ ಬಗೆಗೆ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದಿದೆ. ಅದು ಒಂದು ಸಲಕ್ಕೆ ಮುಗಿಯುವುದಿಲ್ಲ; ವಾರಗಳ ಅಂತರದಲ್ಲಿ ತಿಂಗಳುಗಟ್ಟಲೆ ಹೋಗಬೇಕು. ಎರಡು ಚುಚ್ಚುಮದ್ದಿನ ನಡುವೆ ಹೆಚ್ಚು ಅಂತರ ಕೊಡುವ ಹೊಸ ಔಷಧಗಳನ್ನು ಕೇಳಿ ಪಡೆಯುವುದು ಇಲ್ಲಿ ಸರಿಯಾದ ಆಯ್ಕೆ, ಯಾಕೆಂದರೆ ಆಸ್ಪತ್ರೆಯ ಪ್ರತಿ ಭೇಟಿಯೂ ಇವರಿಗೆ ದೊಡ್ಡ ಆಯಾಸ.

ಕಣ್ಣು ಕೆಂಪಾಗಿ ನೋವು, ವಾಂತಿ ಬಂದರೆ, ದೃಷ್ಟಿ ದಿಢೀರನೆ ಹೋದರೆ ಯಾವ ಹೋಲಿಕೆಗೂ ಸಮಯವಿಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ನೋವನ್ನು ಬಾಯಿಬಿಟ್ಟು ಹೇಳಲಾಗದವರು ಕಣ್ಣುಜ್ಜುತ್ತಾರೆ, ಒಂದು ಕಣ್ಣನ್ನು ಮುಚ್ಚಿಕೊಳ್ಳುತ್ತಾರೆ, ಬೆಳಕಿನಿಂದ ಮುಖ ತಿರುಗಿಸುತ್ತಾರೆ, ಕಾರಣವಿಲ್ಲದೆ ಸಿಡುಕುತ್ತಾರೆ.

ಮಿದುಳಿನ ಪಾಲಿನ ತೊಂದರೆಗೆ ಮನೆಯೇ ಔಷಧ

ಕನ್ನಡಕ, ಶಸ್ತ್ರಚಿಕಿತ್ಸೆ ಎರಡೂ ಮುಗಿದ ಮೇಲೆ ಉಳಿಯುವ ತೊಂದರೆಗೆ ಮಾತ್ರೆಗಳಿಂದ ಹೆಚ್ಚು ಪ್ರಯೋಜನವಿಲ್ಲ. ಸುತ್ತಲಿನ ಮನೆಯನ್ನು ಅವರ ನೋಟಕ್ಕೆ ಹೊಂದಿಸುವುದೇ ಇಲ್ಲಿರುವ ದಾರಿ, ಮತ್ತು ಅದು ಅವರಿಂದ ಯಾವ ನೆನಪನ್ನೂ ಬೇಡುವುದಿಲ್ಲ.

ಬಾಗಿಲ ಬಳಿ ಕಪ್ಪು ಕಾಲೊರಸು ಹಾಸಿರುವ ಮನೆಯಲ್ಲಿ ಇಂಥವರು ನಡೆಯುವುದನ್ನು ಗಮನಿಸಬೇಕು. ಅದರ ಅಂಚಿಗೆ ಬಂದು ನಿಲ್ಲುತ್ತಾರೆ, ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿಯುತ್ತಾರೆ, ಒಂದು ಕಾಲಿನ ತುದಿಯಿಂದ ತಡವಿ ನೋಡುತ್ತಾರೆ, ಕೊನೆಗೆ ಕಂದಕ ದಾಟುವವರಂತೆ ಕಾಲೆತ್ತಿ ದಾಟುತ್ತಾರೆ ಅಥವಾ ಹಿಂದಿರುಗುತ್ತಾರೆ. ಅವರ ಕಣ್ಣಿಗೆ ಅದು ಗುಂಡಿ. ಹೊಳೆಯುವ ನೆಲ ನೀರಿನಂತೆ, ಚುಕ್ಕೆ ಚುಕ್ಕೆಯ ನೆಲಹಾಸು ಹರಿದಾಡುವ ಹುಳುಗಳಂತೆ ಕಾಣಬಹುದು. ಕಾಲೊರಸನ್ನು ಎತ್ತಿಟ್ಟರೆ ಆ ತೊಂದರೆ ಅಲ್ಲಿಗೆ ಮುಗಿಯಿತು. ಎಷ್ಟು ವಿವರಿಸಿ ಹೇಳಿದರೂ ಅದು ಮುಗಿಯುವುದಿಲ್ಲ.

ಬೆಳಕು ಮತ್ತು ಬಣ್ಣ ಎರಡರಲ್ಲಿ ಮೊದಲು ಯಾವುದಕ್ಕೆ ಕೈಹಾಕಬೇಕು ಎಂದರೆ ಬೆಳಕಿಗೆ ಎನ್ನುತ್ತೇನೆ. 60ರ ವಯಸ್ಸಿನ ಕಣ್ಣಿನ ಅಕ್ಷಿಪಟಲಕ್ಕೆ 20ರ ವಯಸ್ಸಿನವರ ಮೂರನೇ ಒಂದು ಭಾಗದಷ್ಟು ಬೆಳಕು ಮಾತ್ರ ತಲಪುತ್ತದೆ. ಮನೆಯ ಇತರರಿಗೆ ಸಾಕೆನಿಸುವ ಬೆಳಕು ಅವರಿಗೆ ಮುಸ್ಸಂಜೆ. ಒಂದೇ ಪ್ರಖರ ದೀಪಕ್ಕಿಂತ ನೆರಳು ಬೀಳದಂತೆ ಹರಡಿದ ಹಲವು ದೀಪಗಳು ಒಳ್ಳೆಯವು. ಹೊತ್ತು ಮುಳುಗುವ ಮೊದಲೇ ದೀಪ ಹಾಕಿ ಪರದೆ ಎಳೆದರೆ ಕಿಟಕಿಯ ಗಾಜಿನಲ್ಲಿ ಕಾಣುವ ತಮ್ಮದೇ ಪ್ರತಿಬಿಂಬಕ್ಕೆ ಅಪರಿಚಿತರೆಂದು ಬೆಚ್ಚುವುದೂ ತಪ್ಪುತ್ತದೆ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಸಣ್ಣ ದೀಪಗಳು ಇರಲಿ.

ಬಣ್ಣದಲ್ಲಿ ಯಾವ ಬಣ್ಣ ಎನ್ನುವುದಕ್ಕಿಂತ ಹಿನ್ನೆಲೆಗೂ ವಸ್ತುವಿಗೂ ಇರುವ ವ್ಯತ್ಯಾಸ ಮುಖ್ಯ. ಅಮೆರಿಕದಲ್ಲಿ ಡಿಮೆನ್ಷಿಯಾದ ಅತಿ ಸಾಮಾನ್ಯ ಬಗೆಯಾದ ಆಲ್ಝೈಮರ್ ತೀವ್ರ ಹಂತದಲ್ಲಿದ್ದ ಕೆಲವರಿಗೆ ಬಿಳಿ ತಟ್ಟೆ, ಲೋಟದ ಬದಲು ಗಾಢ ಕೆಂಪು ಬಣ್ಣದವನ್ನು ಕೊಟ್ಟಾಗ ಅವರು ತಿಂದ ಆಹಾರ 25%, ಕುಡಿದ ದ್ರವ 84% ಹೆಚ್ಚಾಯಿತು ಎಂದು 2004ರಲ್ಲಿ ವರದಿಯಾಯಿತು. ಗಾಢ ನೀಲಿಯೂ ಕೆಲಸ ಮಾಡಿತು, ತಿಳಿ ಬಣ್ಣಗಳು ಮಾಡಲಿಲ್ಲ. ಬಹಳ ಚಿಕ್ಕ ಅಧ್ಯಯನವದು, ಆದರೆ ತಟ್ಟೆ ಬದಲಿಸಿ ನೋಡುವುದರಿಂದ ಯಾರಿಗೂ ಹಾನಿಯಿಲ್ಲ. ಇದೇ ರೀತಿ ಕಮೋಡಿನ ಸೀಟು, ಮೆಟ್ಟಿಲಿನ ಅಂಚು, ಹಿಡಿಕೆ, ಸ್ವಿಚ್ಚು ಹಿನ್ನೆಲೆಯಿಂದ ಎದ್ದು ಕಾಣಬೇಕು. ಅವರು ಹೋಗಬಾರದ ಬಾಗಿಲನ್ನು ಗೋಡೆಯ ಬಣ್ಣದಲ್ಲೇ ಬಿಡಬಹುದು.

ಓದುವ ಆಸೆ ಇರುವವರಿಗೆ ದೊಡ್ಡ ಅಕ್ಷರವೋ, ಕೇಳುವ ಪುಸ್ತಕವೋ? ಅಕ್ಷಿಪಟಲದ ತೊಂದರೆ ಇದ್ದರೆ ದೊಡ್ಡ ಅಕ್ಷರ, ಒಳ್ಳೆಯ ದೀಪ ನೆರವಾಗುತ್ತವೆ. ಮಿದುಳಿನ ಹಿಂಭಾಗದ ಕುಗ್ಗುವಿಕೆಯಲ್ಲಿ ಇದು ತಿರುಗುಮುರುಗಾಗಬಹುದು; ದೊಡ್ಡ ಅಕ್ಷರವನ್ನು ಇಡಿಯಾಗಿ ಹಿಡಿಯಲಾಗದೆ ಸಣ್ಣದನ್ನೇ ಸುಲಭವಾಗಿ ಓದುವವರಿದ್ದಾರೆ. ದಪ್ಪ ಕಾಗದದಲ್ಲಿ ಒಂದು ಕಿಂಡಿ ಕತ್ತರಿಸಿ ಒಂದೊಂದೇ ಪದ ಕಾಣುವಂತೆ ಮಾಡಿಕೊಟ್ಟರೆ ಅವರಲ್ಲಿ ಕೆಲವರು ಮತ್ತೆ ಓದಬಲ್ಲರು.

ಇಲ್ಲದ್ದು ಕಂಡಾಗ

ಇಲ್ಲದ ಮಕ್ಕಳು, ಪ್ರಾಣಿಗಳು, ಅಪರಿಚಿತರು ಸ್ಪಷ್ಟವಾಗಿ ಕಾಣುವುದು ಲೆವಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾದ (ಮಿದುಳಿನ ಕೋಶಗಳಲ್ಲಿ ಪ್ರೋಟೀನಿನ ಗಂಟುಗಳು ಸೇರುವ ಬಗೆ) ಮುಖ್ಯ ಲಕ್ಷಣಗಳಲ್ಲಿ ಒಂದು. ಆದರೆ ದೃಷ್ಟಿ ತೀರಾ ಕುಗ್ಗಿದವರಲ್ಲಿ ಮಿದುಳು ಆರೋಗ್ಯವಾಗಿದ್ದರೂ ಹೀಗಾಗಬಹುದು. ಪೊರೆಯಿಂದ ದೃಷ್ಟಿ ಕಳೆದುಕೊಂಡ ತಮ್ಮ ಅಜ್ಜನಿಗೆ ಕಾಣುತ್ತಿದ್ದ ದೃಶ್ಯಗಳನ್ನು 1760ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಶಾರ್ಲ್ ಬಾನೆ ದಾಖಲಿಸಿದ್ದರಿಂದ ಆ ಸ್ಥಿತಿಗೆ ಅವರ ಹೆಸರೇ ಬಂದಿದೆ. ಆದ್ದರಿಂದ ಭ್ರಮೆಗೆ ಮಾತ್ರೆ ಕೇಳುವ ಮೊದಲು ಕಣ್ಣು ಪರೀಕ್ಷೆ ಆಗಬೇಕು, ಕೋಣೆಯ ಬೆಳಕು, ನೆರಳು, ಕನ್ನಡಿ, ತೂಗುಹಾಕಿದ ಬಟ್ಟೆಗಳನ್ನು ನೋಡಬೇಕು. ಒಂದೆರಡು ದಿನಗಳಲ್ಲಿ ಹಠಾತ್ತನೆ ಶುರುವಾಗಿದ್ದರೆ ಮೂತ್ರದ ಸೋಂಕು, ನೀರಿನ ಕೊರತೆ, ಹೊಸ ಔಷಧ ಕಾರಣವಿರಬಹುದು. ವೈದ್ಯರನ್ನು ಕೂಡಲೇ ಕಾಣಬೇಕು.

ಕಂಡದ್ದು ಅವರನ್ನು ಹೆದರಿಸದಿದ್ದರೆ ಏನನ್ನೂ ಮಾಡದಿರುವುದೂ ಒಂದು ಸರಿಯಾದ ಆಯ್ಕೆ. ವಾದಿಸುವುದು ಬೇಡ, ತನಗೂ ಕಾಣುತ್ತದೆ ಎಂದು ನಟಿಸುವುದೂ ಬೇಡ. "ನನಗೆ ಕಾಣುತ್ತಿಲ್ಲ, ಆದರೆ ನಿಮಗೆ ಗಾಬರಿಯಾಗಿದೆ, ಬನ್ನಿ ಆ ಕಡೆ ಕೂರೋಣ" ಎಂದು ದೀಪ ಹಾಕಿ ಕೋಣೆ ಬದಲಿಸಿದರೆ ಎಷ್ಟೋ ಸಲ ದೃಶ್ಯವೂ ಮಾಯವಾಗುತ್ತದೆ. ಹೆದರಿಕೆ ತೀವ್ರವಾಗಿ ಔಷಧ ಬೇಕೇ ಬೇಕಾದರೆ ಲೆವಿ ಬಾಡಿ ಡಿಮೆನ್ಷಿಯಾದಲ್ಲಿ ರಿವಾಸ್ಟಿಗ್ಮಿನ್ ಅಥವಾ ಡೊನೆಪೆಜಿಲ್ ಬಗ್ಗೆ ಮೊದಲು ಕೇಳಬೇಕು. ಹ್ಯಾಲೊಪೆರಿಡಾಲ್‌ನಂಥ ಮನೋವಿಕಾರದ ಔಷಧಗಳು ಇವರಲ್ಲಿ ಶರೀರವನ್ನೇ ಬಿಗಿಗೊಳಿಸಿ ಜೀವಕ್ಕೆ ಅಪಾಯ ತರಬಲ್ಲವು. ಈ ಎಚ್ಚರಿಕೆಯನ್ನು ಒಂದು ಚೀಟಿಯಲ್ಲಿ ಬರೆದು ಔಷಧ ಪಟ್ಟಿಯ ಮೇಲ್ಭಾಗಕ್ಕೆ ಅಂಟಿಸಿಡಿ, ಯಾಕೆಂದರೆ ತುರ್ತು ವಿಭಾಗಕ್ಕೆ ರಾತ್ರಿ ಹೋದಾಗ ಅಲ್ಲಿನ ವೈದ್ಯರಿಗೆ ಇವರಿಗೆ ಯಾವ ಬಗೆಯ ಡಿಮೆನ್ಷಿಯಾ ಇದೆ ಎಂಬುದು ತಿಳಿದಿರುವುದಿಲ್ಲ.